ಗಾರ್ಡನ್ ಜಾಗಕ್ಕೆ ಕ್ಲಬ್ ಬರುತ್ತದೆ ಅಂದಾಗ: ಅಬ್ಜೆಕ್ಷನ್ ಹಾಕಿದ ಅನುಭವ

ಪೇಪರಿನ ಒಳಪುಟದಲ್ಲಿ ಬಂದ ಆ ಪ್ರಕಟಣೆ ಅಂಗೈಗಿಂತ ಚಿಕ್ಕದಿತ್ತು. ಒಂದು ಸರ್ವೆ ನಂಬರ್, ಅದರಲ್ಲಿ 20 ಗುಂಟೆ, 'ಉದ್ಯಾನ ಮತ್ತು ಬಯಲು ಪ್ರದೇಶ'ದಿಂದ 'ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ' ಬಳಕೆಗೆ ಬದಲಾವಣೆ, ಆಕ್ಷೇಪಣೆ ಇದ್ದರೆ 15 ದಿನದೊಳಗೆ ಲಿಖಿತವಾಗಿ ಸಲ್ಲಿಸಬೇಕು. ಅಷ್ಟೇ. ಕಲಬುರಗಿಯ ಸೇಡಂ ರಸ್ತೆ ಕಡೆ ಇರುವ ನಮ್ಮ ಲೇಔಟಿನ ಸರ್ವೆ ನಂಬರ್ ಅದು ಎಂದು ಗುರುತು ಹಿಡಿದವರು ಪಕ್ಕದ ಓಣಿಯ ಕಾಕಾ. ಅವರು ಭೂಮಾಪನ ಇಲಾಖೆಯಲ್ಲಿ ಸರ್ವೇಯರ್ ಆಗಿ ನಿವೃತ್ತರಾದವರು. ಪೇಪರ್ ಹಿಡಿದುಕೊಂಡೇ ಮನೆಗೆ ಬಂದರು. "ಟೀಚರ್ರ, ಇದು ನಮ್ಮ ಗಾರ್ಡನ್ ಜಾಗ ನೋಡ್ರಿ. ಅರ್ಧಕ್ಕಿಂತ ಜಾಸ್ತಿ ಹೊಂಟದ" ಎಂದರು.

ನಾನು ಪ್ರೌಢಶಾಲೆಯಲ್ಲಿ ಪಿ.ಟಿ. ಟೀಚರ್. ಆಟ ಕಲಿಸುವುದು ನನ್ನ ಕೆಲಸ. ಅದಕ್ಕೇ ಈ ವಿಷಯ ನನಗೆ ಬರೀ ಲೇಔಟಿನ ತಕರಾರು ಅನ್ನಿಸಲಿಲ್ಲ. ಎಂಟನೇ ಕ್ಲಾಸಿನವರೆಗೆ ಖೋಖೋದಲ್ಲಿ ಮಿಂಚಿನಂತೆ ಓಡುವ ಹುಡುಗಿ ಒಂಬತ್ತನೇ ಕ್ಲಾಸಿಗೆ ಬಂದ ಮೇಲೆ ಆಟ ಬಿಡುತ್ತಾಳೆ. ಕಾರಣ ಕೇಳಿದರೆ ಹೆಚ್ಚಿನವರದು ಒಂದೇ ಉತ್ತರ: ಸಂಜೆ ಪ್ರಾಕ್ಟೀಸ್ ಮಾಡಲು ಮನೆ ಹತ್ತಿರ ಜಾಗ ಇಲ್ಲ, ದೂರ ಕಳಿಸುವುದಿಲ್ಲ. ಇದನ್ನು ವರ್ಷವರ್ಷವೂ ಕೇಳುತ್ತಾ ಬಂದಿದ್ದೇನೆ.

ಆ 20 ಗುಂಟೆಯನ್ನು ಲೀಸ್ ಮೇಲೆ ಕೇಳಿದ್ದು ಒಂದು ಖಾಸಗಿ ಸಂಸ್ಥೆ. ಈಜುಕೊಳ, ಒಳಾಂಗಣ ಬ್ಯಾಡ್ಮಿಂಟನ್, ಜಿಮ್, ಮೇಲಂತಸ್ತಿನಲ್ಲಿ ಸಮಾರಂಭಕ್ಕೆ ಒಂದು ಹಾಲ್. ಸದಸ್ಯರಿಗೆ ಪ್ರವೇಶ, ಹೊರಗಿನವರಿಗೆ ಗಂಟೆ ಲೆಕ್ಕದ ಫೀಸು. ಅವರ ಯೋಜನೆ ಕೆಟ್ಟದ್ದು ಎಂದು ನಾನು ಆಗಲೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಕಲಬುರಗಿಗೆ ಒಳ್ಳೆಯ ಈಜುಕೊಳಗಳು ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವ ಊರಿನಲ್ಲಿ ಮಕ್ಕಳು ನೀರಿಗಿಳಿಯಬೇಕು ಅನ್ನುವುದು ತಪ್ಪೇನಲ್ಲ. ಆದರೆ ಅದನ್ನು ಎಲ್ಲಿ ಕಟ್ಟಬೇಕು, ಯಾವ ಜಾಗ ಬಿಟ್ಟು ಕಟ್ಟಬೇಕು ಎನ್ನುವುದೇ ಮುಖ್ಯ ಪ್ರಶ್ನೆ.

ಓಣಿಯಲ್ಲಿ ಎಲ್ಲರೂ ಒಂದೇ ಮಾತು ಆಡಲಿಲ್ಲ. ಎದುರು ಮನೆಯ ಅಣ್ಣಾವ್ರು ನೇರವಾಗಿಯೇ ಹೇಳಿದರು: "ಈಗೇನ್ ಅದ ರೀ ಅಲ್ಲಿ? ಜಾಲಿ ಕಂಟಿ, ಹಂದಿ, ಕಸ. ಕ್ಲಬ್ ಬಂದ್ರ ಲೈಟ್ ಬರ್ತದ, ವಾಚ್‌ಮನ್ ಬರ್ತಾನ, ಏರಿಯಾ ಸುಧಾರಸ್ತದ." ಅವರ ಮಾತಿನಲ್ಲಿ ನಿಜ ಇತ್ತು. ಜಾಗದ ಅರ್ಧ ಭಾಗ ಸರ್ಕಾರಿ ಜಾಲಿಯಿಂದ ತುಂಬಿತ್ತು. ಒಂದು ಮೂಲೆಯಲ್ಲಿ ಎರಡು ಬೇವಿನ ಮರ. ನಡುವೆ ಹುಡುಗರು ತುಳಿದು ತುಳಿದು ಮಾಡಿಕೊಂಡ ಕ್ರಿಕೆಟ್ ಪಿಚ್. ಗಣಪತಿ ಕೂಡಿಸುವಾಗ ಮತ್ತು ಯಾರದಾದರೂ ಮನೆಯ ಕಾರ್ಯಕ್ಕೆ ಶಾಮಿಯಾನ ಹಾಕುವಾಗ ಮಾತ್ರ ಅಷ್ಟು ಸ್ವಚ್ಛ. ಹಾಳು ಬಿದ್ದ ಜಾಗವನ್ನು ಉಳಿಸಿ ಅಂತ ಕೇಳುವುದು ಕಷ್ಟ. ಅಲ್ಲಿ ಏನಾಗಬೇಕು ಅನ್ನುವುದನ್ನು ನಾವೇ ಹೇಳಬೇಕು ಎಂದು ಅವತ್ತೇ ನಿರ್ಧಾರ ಮಾಡಿದೆವು.

ಮೊದಲು ಕಾನೂನು ಓದಿದೆವು. ನಮ್ಮ ರಾಜ್ಯದಲ್ಲಿ ಊರಿನ ಬೆಳವಣಿಗೆಗೆ ಮೂಲ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆ. ಅದರ ಕೆಳಗೆ ಊರಿಗೊಂದು ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನ್. ಒಮ್ಮೆ ಪ್ಲಾನ್ ಜಾರಿಗೆ ಬಂದ ಮೇಲೆ ಭೂಬಳಕೆ ಬದಲಿಸಬೇಕಾದರೆ ಅದೇ ಕಾಯ್ದೆಯ 14-ಎ ಕಲಂ ಪ್ರಕಾರ ಹೋಗಬೇಕು. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು, ಬೇರೆ ಕಾನೂನಿಗೆ ವಿರುದ್ಧ ಇರಬಾರದು, ಊರಿನಲ್ಲಿ ಓದುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಕನಿಷ್ಠ 15 ದಿನ ಆಕ್ಷೇಪಣೆಗೆ ಅವಕಾಶ ಕೊಡಬೇಕು, ಸರ್ಕಾರದ ಒಪ್ಪಿಗೆಯೂ ಬೇಕು. ಅಂದರೆ ನಾವು ಓದಿದ ಆ ಚಿಕ್ಕ ಪ್ರಕಟಣೆ ಸುಮ್ನೆ ಹಾಕಿದ್ದಲ್ಲ. ಅದು ನಮಗೆ ಕಾನೂನು ಕೊಟ್ಟ ಅವಕಾಶ.

ಆಮೇಲೆ ನಕ್ಷೆ. ಪ್ಲಾನಿಂಗ್ ಕಚೇರಿಯಲ್ಲಿ ಮಾಸ್ಟರ್ ಪ್ಲಾನ್ ನಕ್ಷೆ ನೋಡಲು ಯಾರು ಬೇಕಾದರೂ ಹೋಗಬಹುದು. ನಾವು ಹೋದಾಗ ಅಲ್ಲಿದ್ದ ಹುಡುಗ ದೊಡ್ಡ ಹಾಳೆಯನ್ನು ಮೇಜಿನ ಮೇಲೆ ಹಾಸಿ, ಬಣ್ಣಗಳನ್ನು ತಾಳ್ಮೆಯಿಂದ ವಿವರಿಸಿದ. ಹಳದಿ ಅಂದರೆ ವಸತಿ, ನೀಲಿ ಅಂದರೆ ವಾಣಿಜ್ಯ, ಕೆಂಪು ಅಂದರೆ ಶಾಲೆ, ಆಸ್ಪತ್ರೆಯಂಥ ಸಾರ್ವಜನಿಕ ಬಳಕೆ, ಹಸಿರು ಅಂದರೆ ಪಾರ್ಕು, ಮೈದಾನ, ಬಯಲು. ನಮ್ಮ ಭಾಗದಲ್ಲಿ ಕಣ್ಣು ಹಾಯಿಸಿದಷ್ಟೂ ಹಳದಿ. ನಡುವೆ ಅಲ್ಲೊಂದು ಇಲ್ಲೊಂದು ಹಸಿರು ಚುಕ್ಕೆ. ಕಾಕಾ ಆ ಚುಕ್ಕೆಗಳ ಮೇಲೆ ಬೆರಳಿಟ್ಟು ಒಂದೊಂದನ್ನೇ ಹೇಳುತ್ತಾ ಹೋದರು. "ಇಲ್ಲಿ ಈಗ ಗುಡಿ ಅದ. ಇಲ್ಲಿ ನೀರಿನ ಟ್ಯಾಂಕ್ ಕಟ್ಟ್ಯಾರ. ಇದೊಂದೇ ನೋಡ್ರಿ ಖಾಲಿ ಉಳದದ್ದು." ಅದು ನಮ್ಮದು. ಗುಡಿಗೆ ನಾನೂ ಹೋಗುತ್ತೇನೆ. ಆದರೆ ಮೂರು ಲೇಔಟಿನ ಮಕ್ಕಳಿಗೆ ಉಳಿದಿರುವುದು ಈ ಒಂದೇ ಜಾಗ ಎನ್ನುವುದು ನಕ್ಷೆ ನೋಡುವವರೆಗೆ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಲೇಔಟಿನ ಮಂಜೂರಾದ ನಕ್ಷೆಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿದೆವು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, 150 ಪದ ಮೀರದ ಅರ್ಜಿ, ಒಂದೇ ವಿಷಯ. ಉತ್ತರಕ್ಕೆ 30 ದಿನ ಸಮಯ ಇರುತ್ತದೆ, ಆಕ್ಷೇಪಣೆಗೆ ಇರುವುದು 15 ದಿನ. ಹಾಗಾಗಿ ಅದನ್ನೇ ನಂಬಿ ಕೂಡಲಿಲ್ಲ. ನಮ್ಮಲ್ಲಿ ಹಳೆಯ ಪ್ಲಾಟ್ ತಗೊಂಡವರ ಮನೆಗಳಲ್ಲಿ ಕೇಳಿದೆವು. ಖರೀದಿ ಪತ್ರದ ಜೊತೆ ಲೇಔಟ್ ನಕ್ಷೆ ಇಟ್ಟುಕೊಂಡವರು ಒಬ್ಬರು ಸಿಕ್ಕರು. ಮಡಿಕೆ ಹರಿದಿದ್ದರೂ ಸೀಲು, ಸಹಿ, ಅಳತೆ ಎಲ್ಲ ಓದುವಂತಿತ್ತು. ಇಂಥ ಕಾಗದ ನಿಮ್ಮ ಮನೆಯಲ್ಲೂ ಇರಬಹುದು. ಇದ್ದರೆ ಜೋಪಾನ ಮಾಡಿ.

ಎಂಟು ಎಕರೆ ಲೇಔಟ್. ಖಾಸಗಿ ವಸತಿ ಲೇಔಟಿನಲ್ಲಿ ಪಾರ್ಕು, ಬಯಲಿಗೆ ಶೇಕಡಾ 10 ಬಿಡಬೇಕು. ಎಂಟು ಎಕರೆ ಅಂದರೆ 320 ಗುಂಟೆ, ಅದರ ಹತ್ತನೇ ಒಂದು ಭಾಗ 32 ಗುಂಟೆ. ನಕ್ಷೆಯಲ್ಲೂ 32 ಗುಂಟೆಯೇ ಇತ್ತು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಇದರಿಂದ ಒಂದು ವಿಷಯ ಸ್ಪಷ್ಟವಾಯಿತು. 20 ಗುಂಟೆ ಹೋದರೆ ನಮ್ಮ ಲೇಔಟ್ ಮಂಜೂರಾದ ಷರತ್ತೇ ಮುರಿದ ಹಾಗೆ. ಆ ಜಾಗದ ಬೆಲೆಯನ್ನು ಪ್ಲಾಟ್ ಕೊಂಡ ಪ್ರತಿಯೊಬ್ಬರೂ ತಮ್ಮ ಪ್ಲಾಟಿನ ರೇಟಿನಲ್ಲಿ ಆಗಲೇ ಕೊಟ್ಟಾಗಿದೆ.

ಒಂದು ಭಾನುವಾರ ಬೆಳಿಗ್ಗೆ ಬಿಸಿಲು ಏರುವ ಮುಂಚೆ ಅಳತೆಗೆ ಇಳಿದೆವು. ಕಾಕಾ ಟೇಪು ಹಿಡಿದರು, ನಮ್ಮ ಶಾಲೆಯ ಹುಡುಗಿಯರು ಇನ್ನೊಂದು ತುದಿ ಹಿಡಿದರು. ಎರೆ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಗಡಿಕಲ್ಲು ನೆಟ್ಟಗೆ ನಿಲ್ಲುವುದಿಲ್ಲ. ಒಂದು ಕಲ್ಲು ಮಣ್ಣಿನಲ್ಲಿ ಅಡ್ಡ ಬಿದ್ದು ಮುಚ್ಚಿಹೋಗಿತ್ತು. ಅದನ್ನು ಅಗೆದು ತೆಗೆದಾಗ ಹುಡುಗಿಯರು ಚಪ್ಪಾಳೆ ತಟ್ಟಿದರು. ಉದ್ದ ಸುಮಾರು 208 ಅಡಿ, ಅಗಲ ಸುಮಾರು 167 ಅಡಿ. ಗುಂಟೆಗೆ 1,089 ಚದರ ಅಡಿಯಂತೆ ಲೆಕ್ಕ ಹಾಕಿದರೆ 32 ಗುಂಟೆಗೆ ಸರಿಹೊಂದುತ್ತದೆ.

ಇಲ್ಲಿಂದ ಮುಂದೆ ನನ್ನ ಕೆಲಸ ಶುರುವಾಯಿತು. ಆಟದ ಅಂಕಣಗಳ ಅಳತೆ ನನಗೆ ಬಾಯಿಪಾಠ. ಖೋಖೋ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಹೆಣ್ಣುಮಕ್ಕಳ ಕಬಡ್ಡಿಗೆ 12 ಮೀಟರ್, 8 ಮೀಟರ್. ವಾಲಿಬಾಲಿಗೆ 18, 9. ಈ ಮೂರನ್ನೂ ನಮ್ಮ 32 ಗುಂಟೆಯಲ್ಲಿ ಸುತ್ತ ಓಡಾಡಲು ಜಾಗ ಬಿಟ್ಟು ಹೂಡಬಹುದು. ಗಡಿಯ ಒಳಗೆ ನಡೆಯುವ ದಾರಿ ಮಾಡಿದರೆ ಒಂದು ಸುತ್ತು 200 ಮೀಟರ್ ದಾಟುತ್ತದೆ. ಐದು ಸುತ್ತು ಹಾಕಿದರೆ ಒಂದು ಕಿಲೋಮೀಟರಿಗೆ ಮೋಸ ಇಲ್ಲ. ಕ್ಲಬ್ಬಿಗೆ ರಸ್ತೆ ಕಡೆಯ 20 ಗುಂಟೆ ಕೊಟ್ಟರೆ ಹಿಂದೆ ನಾಲೆಯ ಪಕ್ಕ ಉಳಿಯುವುದು 63 ಅಡಿ ಅಗಲದ ಪಟ್ಟಿ, ಅಂದರೆ 19 ಮೀಟರ್. ಖೋಖೋ ಅಂಕಣವೇ 16 ಮೀಟರ್ ತಿನ್ನುತ್ತದೆ. ನಡೆಯುವವರು ಎಲ್ಲಿ ಹೋಗಬೇಕು? ಕೂಡುವ ಮುದುಕರು ಎಲ್ಲಿ ಕೂಡಬೇಕು? ಅದೂ ಅಲ್ಲದೆ ಆ ಪಟ್ಟಿ ರಸ್ತೆಗೆ ಕಾಣುವುದೇ ಇಲ್ಲ. ಕಟ್ಟಡದ ಹಿಂದೆ ಕಣ್ಣಿಗೆ ಬೀಳದ ಜಾಗಕ್ಕೆ ಯಾವ ತಾಯಿಯೂ ಸಂಜೆ ಆರಕ್ಕೆ ಮಗಳನ್ನು ಕಳಿಸುವುದಿಲ್ಲ. ಕಾಗದದಲ್ಲಿ ಮಾತ್ರ '12 ಗುಂಟೆ ಉಳಿದಿದೆ' ಎಂದು ಬರೆಯಬಹುದು.

ಕೇಂದ್ರ ಸರ್ಕಾರದ ನಗರ ಯೋಜನೆ ಮಾರ್ಗಸೂಚಿಯೂ ಇದೆ, 2014ರದ್ದು. ಸುಮಾರು 5,000 ಜನರಿರುವ ವಸತಿ ಪ್ರದೇಶಕ್ಕೆ ಅರ್ಧ ಹೆಕ್ಟೇರ್ ಪಾರ್ಕು ಇರಬೇಕು ಎನ್ನುತ್ತದೆ ಅದು. ಅರ್ಧ ಹೆಕ್ಟೇರ್ ಅಂದರೆ ಸುಮಾರು 49 ಗುಂಟೆ. ಅದೇ ಮಾರ್ಗಸೂಚಿ ದೊಡ್ಡ ಪಾರ್ಕುಗಳನ್ನು ಬೇರೆಯಾಗಿ ಲೆಕ್ಕ ಹಾಕುತ್ತದೆ. ಲಕ್ಷ ಜನರಿಗೆ ಒಂದು, ಐದು ಲಕ್ಷ ಜನರಿಗೆ ಒಂದು, ಹೀಗೆ. ನನಗೆ ಇದು ತುಂಬಾ ಸರಿ ಅನ್ನಿಸಿತು. ಊರಿಗೆ ಒಂದು ದೊಡ್ಡ ಕ್ರೀಡಾಂಗಣ ಇದೆ ಎಂದ ಮಾತ್ರಕ್ಕೆ ಓಣಿಯ ಮೈದಾನ ಬೇಡ ಅಂತಲ್ಲ. ಎರಡೂ ಬೇರೆ ಬೇರೆ ಅಗತ್ಯ.

ನಮ್ಮೂರಿನ ಸ್ಥಿತಿ ನೋಡಿ. ಚಂದ್ರಶೇಖರ ಪಾಟೀಲ ಕ್ರೀಡಾಂಗಣ, ಎನ್.ವಿ. ಮೈದಾನ, ಪಬ್ಲಿಕ್ ಗಾರ್ಡನ್, ಶರಣಬಸವೇಶ್ವರ ಗುಡಿಯ ಹತ್ತಿರದ ಅಪ್ಪನ ಕೆರೆ. ಕಲಬುರಗಿಯವರು ಆಡಲು, ಅಡ್ಡಾಡಲು ಹೋಗುವ ಹೆಸರಾದ ಜಾಗಗಳು ಇವೇ. ಎಲ್ಲವೂ ಹಳೆಯ ಊರಿನ ಸುತ್ತ. 2011ರ ಜನಗಣತಿಯಲ್ಲೇ ನಗರದ ಜನ 5.3 ಲಕ್ಷ ದಾಟಿದ್ದರು. ಆಮೇಲೆ ಊರು ಬೆಳೆದದ್ದು ರಿಂಗ್ ರೋಡಿನ ಆಚೆ, ಸೇಡಂ ರಸ್ತೆ, ಜೇವರ್ಗಿ ರಸ್ತೆ, ಆಳಂದ ರಸ್ತೆ, ಹುಮನಾಬಾದ್ ರಸ್ತೆ ಹಿಡಿದು. ಮನೆಗಳು ಹೊರಗೆ ಹೋದವು, ಮೈದಾನಗಳು ಒಳಗೇ ಉಳಿದವು. ಹುಡುಗರು ಸೈಕಲ್ಲೋ ಬೈಕೋ ಹತ್ತಿ ಹೋಗುತ್ತಾರೆ. ಹುಡುಗಿಯರಿಗೆ ಷೇರ್ ಆಟೋ ಬೇಕು, ಜೊತೆಗೆ ಒಬ್ಬರು ಬೇಕು, ಕತ್ತಲಾಗುವ ಮೊದಲು ವಾಪಸ್ ಬರಬೇಕು. ಬೇಸಿಗೆಯಲ್ಲಿ ಆರು ಗಂಟೆಯವರೆಗೆ ಮೈದಾನಕ್ಕೆ ಕಾಲಿಡಲು ಆಗುವುದಿಲ್ಲ. ಆಮೇಲೆ ಸ್ವಲ್ಪ ಹೊತ್ತಿಗೇ ಕತ್ತಲೆಯ ಭಯ. ನಡುವೆ ಸಿಗುವುದು ಅರ್ಧ, ಮುಕ್ಕಾಲು ಗಂಟೆ. ಆ ಹೊತ್ತು ಆಟೋದಲ್ಲೇ ಕಳೆದುಹೋದರೆ ಆಟ ಎಲ್ಲಿ?

ಹೆಂಗಸರ ಮಾತು ಕೇಳಬೇಕು ಅಂತ ನಮ್ಮ ಮನೆಯ ಅಂಗಳದಲ್ಲಿ ಒಂದು ಸಭೆ ಮಾಡಿದೆವು. ಗಂಡಸರು ಇದ್ದರೆ ಹಲವರು ಬಾಯಿ ಬಿಡುವುದಿಲ್ಲ, ಅದಕ್ಕೇ ಹೆಂಗಸರನ್ನು ಮಾತ್ರ ಕರೆದೆವು. ಶುಗರ್ ಇರುವವರು ನಡೆಯಬೇಕು ಎಂದು ಡಾಕ್ಟರು ಹೇಳಿದ್ದಾರೆ, ಆದರೆ ರಿಂಗ್ ರೋಡಿನ ಅಂಚಿನಲ್ಲಿ ಲಾರಿಗಳ ಪಕ್ಕ ನಡೆಯುತ್ತಿದ್ದಾರೆ. ಮೂರನೇ ಓಣಿಯ ಆಪಾ ತನ್ನ ಇಬ್ಬರು ಹೆಣ್ಣುಮಕ್ಕಳ ಬಗ್ಗೆ ಹೇಳಿದರು. "ದೊಡ್ಡಾಕಿ ಶಾಲ್ಯಾಗ ವಾಲಿಬಾಲ್ ಛಲೋ ಆಡ್ತಿದ್ಳು. ಈಗ ಮನ್ಯಾಗೇ ಇರ್ತಾಳ. ಕ್ಲಬ್ಬಿಗೆ ತಿಂಗಳಾ ರೊಕ್ಕ ಕಟ್ಟೋದು ನಮ್ಮಿಂದ ಆಗಂಗಿಲ್ಲ ಟೀಚರ್. ಮನಿ ಮುಂದ ಮೈದಾನ ಇದ್ರ ನಾ ಬಾಗಲ್ದಾಗ ನಿಂತು ನೋಡ್ತೀನಿ, ಅಕಿ ಆಡ್ಲಿ." ನಮ್ಮ ಆಕ್ಷೇಪಣೆಯ ಸಾರ ಈ ಮಾತಿನಲ್ಲೇ ಇತ್ತು. ಹೊಸದಾಗಿ ಏನೇ ಕಟ್ಟಿದರೂ ಅಲ್ಲಿಗೆ ದುಡ್ಡಿಲ್ಲದೆ, ಕಾಲ್ನಡಿಗೆಯಲ್ಲಿ, ತಾಯಿಯ ಕಣ್ಣಳತೆಯಲ್ಲಿ ಯಾರು ಬರಬಲ್ಲರು ಎಂದು ಕೇಳಬೇಕು. ಕ್ಲಬ್ಬಿನ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಇರಲಿಲ್ಲ.

ಅರ್ಜಿ ಬರೆಯುವಾಗ ಕೋಪದ ಮಾತು ಒಂದೂ ಹಾಕಲಿಲ್ಲ. ಪ್ರಕಟಣೆಯ ದಿನಾಂಕ, ಸರ್ವೆ ನಂಬರ್, ವಿಸ್ತೀರ್ಣ ಮೊದಲ ಸಾಲಿನಲ್ಲೇ ಬರೆದೆವು. ಆಮೇಲೆ 32 ಗುಂಟೆಯ ಲೆಕ್ಕ, ಅಂಕಣಗಳ ಅಳತೆ ಹಾಕಿದ ಕೈನಕ್ಷೆ, ಸುತ್ತಲಿನ ಹಸಿರು ಜಾಗಗಳು ಈಗ ಏನಾಗಿವೆ ಎಂಬ ವಿವರ. ಕಾನೂನಿನ ವಿಷಯಕ್ಕೆ ನಮ್ಮ ಸಂಬಂಧಿಕರಾದ ಒಬ್ಬ ವಕೀಲರು ನೆರವಾದರು. 1985ರಲ್ಲಿ ಬಂದ ಪಾರ್ಕು, ಆಟದ ಮೈದಾನ, ಬಯಲು ಜಾಗಗಳ ಸಂರಕ್ಷಣೆಯ ರಾಜ್ಯ ಕಾಯ್ದೆಯನ್ನು ಉಲ್ಲೇಖಿಸಿದೆವು. ಇಂಥ ಜಾಗಗಳ ಪಟ್ಟಿ ಮಾಡಿ ಕಾಪಾಡಬೇಕು ಎನ್ನುವುದೇ ಅದರ ಉದ್ದೇಶ. ಜೊತೆಗೆ 1991ರ ಸುಪ್ರೀಂ ಕೋರ್ಟ್ ತೀರ್ಪು. ಬೆಂಗಳೂರಿನ ಸದಾಶಿವನಗರದಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಒಂದು ಟ್ರಸ್ಟಿಗೆ ಕೊಡಲಾಗಿತ್ತು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಪ್ರಕರಣ ಎಂದೇ ಅದು ಹೆಸರಾಗಿದೆ. ಪಾರ್ಕಿನ ಜಾಗ ಅಲ್ಲಿನ ಜನರಿಗಾಗಿ ಇರುವುದು, ಅದನ್ನು ಹೀಗೆ ಖಾಸಗಿಯವರಿಗೆ ಕೊಡುವಂತಿಲ್ಲ, ಅದನ್ನು ಪ್ರಶ್ನಿಸುವ ಹಕ್ಕು ನಿವಾಸಿಗಳಿಗೆ ಇದೆ ಎಂದು ಕೋರ್ಟ್ ಹೇಳಿತು. ಆಸ್ಪತ್ರೆಯಂಥ ಆಸ್ಪತ್ರೆಗೇ ಪಾರ್ಕಿನ ಜಾಗ ಸಿಗಲಿಲ್ಲ. ಹಾಗಿದ್ದ ಮೇಲೆ ಸದಸ್ಯರ ಕ್ಲಬ್ಬಿಗೆ ಹೇಗೆ ಸಿಗಬೇಕು?

'ಕ್ಲಬ್ಬೂ ಕ್ರೀಡೆಯೇ ಅಲ್ವಾ' ಎಂಬ ವಾದ ಬರುತ್ತದೆ ಎಂದು ನಮಗೆ ಗೊತ್ತಿತ್ತು. ಅದಕ್ಕೆ ವಕೀಲರು ಒಂದು ಒಳ್ಳೆಯ ದಾರಿ ತೋರಿಸಿದರು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯ್ದೆಯಲ್ಲಿ ನಾಗರಿಕ ಸೌಲಭ್ಯ ಅಂದರೆ ಏನೇನು ಎಂಬ ಪಟ್ಟಿ ಇದೆ. ಅಲ್ಲಿ ಮನರಂಜನಾ ಕೇಂದ್ರವೂ ಇದೆ, ಆದರೆ ಸರ್ಕಾರವೋ ಪಾಲಿಕೆಯೋ ನಡೆಸುವಂಥದ್ದು. ಇನ್ನೊಂದು ಮುಖ್ಯ ವಿಷಯ, ಅದು ಸಿಎ ಜಾಗದ, ಅಂದರೆ ನಾಗರಿಕ ಸೌಲಭ್ಯಕ್ಕೆ ಬಿಟ್ಟ ಜಾಗದ ಮಾತು, ಪಾರ್ಕಿನ ಜಾಗದ್ದಲ್ಲ. ಲೇಔಟಿನಲ್ಲಿ ಪಾರ್ಕಿಗೆ ಬೇರೆ, ಸಿಎಗೆ ಬೇರೆ ಜಾಗ ಬಿಡಿಸುವುದೇ ಒಂದನ್ನು ಇನ್ನೊಂದು ನುಂಗಬಾರದು ಎಂದು.

ನೀರಿನ ಲೆಕ್ಕವನ್ನೂ ಹಾಕಿದೆವು. 25 ಮೀಟರ್ ಉದ್ದ, 12.5 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಕೊಳ ತುಂಬಲು ಸುಮಾರು 4.7 ಲಕ್ಷ ಲೀಟರ್ ನೀರು ಬೇಕು. ಕಲಬುರಗಿಗೆ ಭೀಮಾ ನದಿಯಿಂದ, ಬೆಣ್ಣೆತೊರೆಯಿಂದ ನೀರು ಬರಬೇಕು. ಬೇಸಿಗೆಯಲ್ಲಿ ನಮ್ಮ ಓಣಿಯವರು ಟ್ಯಾಂಕರ್ ತರಿಸುತ್ತಾರೆ. ಕೊಳಕ್ಕೆ ಬೋರ್ ಕೊರೆದರೆ ಸುತ್ತಲಿನ ಮನೆಗಳ ಬೋರ್ ಏನಾಗಬಹುದು ಎಂದು ಅರ್ಜಿಯಲ್ಲಿ ಕೇಳಿದೆವು.

ಅರ್ಜಿಯ ಕೊನೆಯ ಪುಟ ನನಗೆ ಎಲ್ಲಕ್ಕಿಂತ ಮುಖ್ಯ. ಅದರಲ್ಲಿ ಈ ಜಾಗ ಏನಾಗಬೇಕು ಎಂದು ಬರೆದೆವು. ಮೂರು ಅಂಕಣ, ಸುತ್ತ ನಡೆಯುವ ದಾರಿ, ಬೇವು, ಹೊಂಗೆಯ ನೆರಳು, ನಾಲ್ಕು ಕಂಬಕ್ಕೆ ಲೈಟು, ಕುಡಿಯುವ ನೀರು, ಗಾಲಿಕುರ್ಚಿ ಸಲೀಸಾಗಿ ಒಳಗೆ ಬರುವ ಗೇಟು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಬಂದ ಮೇಲೆ ಈ ಕೊನೆಯದನ್ನು ಉಪಕಾರದ ಹಾಗೆ ಕೇಳಬೇಕಾಗಿಲ್ಲ.

ಸಹಿಗೆ ಮನೆಮನೆ ತಿರುಗಿದೆವು. ಎದುರು ಮನೆಯ ಅಣ್ಣಾವ್ರು ಮೊದಲು ಸಹಿ ಮಾಡಲಿಲ್ಲ. ಕೊನೆಯ ಪುಟದ ಕೈನಕ್ಷೆ ತೋರಿಸಿದಾಗ ಬಹಳ ಹೊತ್ತು ನೋಡಿದರು. "ಇದನ್ನ ಖರೇನ ಮಾಡಸ್ತೀರಿ ಏನು?" ಎಂದು ಕೇಳಿ ಪೆನ್ನು ತಗೊಂಡರು. ಅರ್ಜಿಯ ಎರಡು ಪ್ರತಿ ಮಾಡಿ, ಕಚೇರಿಯ ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಂಡೆವು. ಅದರದೇ ಜೆರಾಕ್ಸ್ ಪ್ರತಿಯನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲೂ ಕಳಿಸಿದೆವು. ಗಡುವಿನ ಕೊನೆಯ ದಿನದವರೆಗೆ ಕಾಯಬೇಡಿ ಎಂದಷ್ಟೇ ಈ ಬಗ್ಗೆ ಹೇಳುತ್ತೇನೆ.

ಕೆಲವು ವಾರದ ನಂತರ ವಿಚಾರಣೆಗೆ ಕರೆ ಬಂತು. ನಾವು ನಾಲ್ಕೈದು ಜನ, ಆ ಸಂಸ್ಥೆಯ ಕಡೆಯಿಂದ ಒಬ್ಬರು ಇಂಜಿನಿಯರ್ ಮತ್ತು ಇನ್ನಿಬ್ಬರು. ಅವರು ಬಣ್ಣಬಣ್ಣದ ಚಿತ್ರ ತಂದಿದ್ದರು. ಕಟ್ಟಡ ಚೆನ್ನಾಗಿಯೇ ಕಾಣುತ್ತಿತ್ತು. "ಮಕ್ಕಳಿಗೆ ಈಜು ಬೇಡವಾ ಮೇಡಂ?" ಎಂದು ಇಂಜಿನಿಯರ್ ನನ್ನನ್ನೇ ಕೇಳಿದರು. ಬೇಕು ಎಂದೆ. ಎಷ್ಟು ಮಕ್ಕಳಿಗೆ, ಯಾವ ಫೀಸಿಗೆ ಎಂದು ವಾಪಸ್ ಕೇಳಿದೆ. ಲೇಔಟಿನವರಿಗೆ ರಿಯಾಯಿತಿ ಕೊಡುತ್ತೇವೆ ಎಂದರು. ಬಂದವರಿಗೆಲ್ಲ ಗೇಟು ತೆರೆದಿರುತ್ತದಾ ಎಂದು ಆಪಾ ಕೇಳಿದರು. ಅದಕ್ಕೆ ಉತ್ತರ ಬರಲಿಲ್ಲ.

ಅಧಿಕಾರಿಗಳು ನಮಗೆ ಕೇಳಿದ ಪ್ರಶ್ನೆ ಇನ್ನೂ ಗಟ್ಟಿಯಾಗಿತ್ತು. "ಇಲ್ಲಿ ಬ್ಯಾಡಂದ್ರ ಎಲ್ಲಿ ಆಗ್ಬೇಕ್ರಿ ಇದು? ಊರಿಗೆ ಇಂಥವೂ ಬೇಕಲ್ಲ." ಇದಕ್ಕೂ ನಾವು ತಯಾರಾಗಿ ಹೋಗಿದ್ದೆವು. ಮುಖ್ಯ ರಸ್ತೆಯ ನೀಲಿ ಪಟ್ಟಿಯಲ್ಲಿ ಆಗಲಿ ಎಂದೆವು. ಅಲ್ಲಿ ಬಸ್ಸು ನಿಲ್ಲುತ್ತದೆ, ಕಾರು ನಿಲ್ಲಿಸಲು ಜಾಗ ಮಾಡಬಹುದು, ರಾತ್ರಿ ಹಾಲಿನಲ್ಲಿ ಸ್ಪೀಕರ್ ಹಾಕಿದರೆ ಮನೆಗಳಿಗೆ ತೊಂದರೆ ಇಲ್ಲ. ನಮ್ಮ ಜಾಗದ ಎದುರಿನ ರಸ್ತೆ 30 ಅಡಿ. ಒಂದು ಮದುವೆಯ ಕಾರುಗಳು ಬಂದರೆ ಆಂಬುಲೆನ್ಸ್ ಒಳಗೆ ಬರಲು ಆಗುವುದಿಲ್ಲ. ಹಣ ಕೊಟ್ಟು ಬರುವವರಿಗೆ ಮುಖ್ಯ ರಸ್ತೆ ದೂರ ಅಲ್ಲ. ನಡೆದು ಬರುವವರಿಗೆ ಈ ಮೈದಾನ ಬಿಟ್ಟರೆ ಬೇರೆ ಇಲ್ಲ. ಅಧಿಕಾರಿಗಳು ಕೈನಕ್ಷೆಯನ್ನು ಎತ್ತಿ ಕಡತಕ್ಕೆ ಸೇರಿಸಲು ಹೇಳಿದರು.

ಪ್ರಸ್ತಾವನೆ ಕೈಬಿಟ್ಟಿದ್ದಾರೆ ಎಂಬ ಪತ್ರ ಮುಂದಿನ ಮಳೆಗಾಲದ ಹೊತ್ತಿಗೆ ಕೈ ಸೇರಿತು. ಓಣಿಯಲ್ಲಿ ಪೇಢಾ ಹಂಚಿದರು. ನನಗೆ ಸಂತೋಷವಾಯಿತು, ಆದರೆ ಜಾಲಿ ಕಂಟಿ ಇನ್ನೂ ಅಲ್ಲೇ ಇತ್ತು. ಅಣ್ಣಾವ್ರಿಗೆ ಕೊಟ್ಟ ಮಾತು ಬಾಕಿ ಇತ್ತು.

ಎರಡನೇ ಹಂತ ಮೊದಲನೆಯದಕ್ಕಿಂತ ನಿಧಾನ. ಲೇಔಟಿನ ರಸ್ತೆ, ಪಾರ್ಕು ಎಲ್ಲ ಪಾಲಿಕೆಗೆ ಹಸ್ತಾಂತರ ಆಗಿದೆಯೇ ಎಂದು ಮೊದಲು ನೋಡಬೇಕು. ಆಗದಿದ್ದರೆ ಪಾಲಿಕೆ ಅಲ್ಲಿ ಒಂದು ಲೈಟ್ ಕಂಬ ಹಾಕಲೂ ದುಡ್ಡು ಖರ್ಚು ಮಾಡುವಂತಿಲ್ಲ. ಎಷ್ಟೋ ಲೇಔಟುಗಳಲ್ಲಿ ಗಾರ್ಡನ್ ಜಾಗ ಹಾಳು ಬೀಳುವುದು ಈ ನಡುವಿನ ಕಾಲದಲ್ಲೇ. ಲೇಔಟ್ ಮಾಡಿದವರು ಬಿಟ್ಟು ಹೋಗಿರುತ್ತಾರೆ, ತಗೊಳ್ಳಬೇಕಾದ ಪಾಲಿಕೆಯವರು ಇನ್ನೂ ತಗೊಂಡಿರುವುದಿಲ್ಲ. ನಮ್ಮದರಲ್ಲಿ ಪಾರ್ಕಿನ ಹಸ್ತಾಂತರ ಆಗಿತ್ತು, ಆದರೆ ಪಾಲಿಕೆಯ ಆಸ್ತಿ ಪಟ್ಟಿಯಲ್ಲಿ ಸರಿಯಾಗಿ ಸೇರಿರಲಿಲ್ಲ. ಅದನ್ನು ಸೇರಿಸಲು ಅರ್ಜಿ, ಗಡಿ ಗುರುತಿಸಲು ಸರ್ವೆ ಅರ್ಜಿ, ಆಮೇಲೆ ಬೇಲಿಗೆ ಅರ್ಜಿ. ಬೇಲಿ ಮೊದಲು ಆಗಲಿ ಎಂದು ಹಟ ಹಿಡಿದವರು ಕಾಕಾ. ಅವರ ಅನುಭವ ದೊಡ್ಡದು. ಬೇಲಿ ಮತ್ತು ಒಂದು ಬೋರ್ಡು ಬಿದ್ದ ಮೇಲೆ ಆ ಜಾಗದ ಕಡೆ ನೋಡುವವರ ಕಣ್ಣೇ ಬದಲಾಗುತ್ತದೆ ಎನ್ನುತ್ತಾರೆ.

ಇದರ ನಡುವೆ ನಾನು ಇನ್ನೊಂದು ಕೆಲಸ ಹಿಡಿದುಕೊಂಡೆ. ಮಾಸ್ಟರ್ ಪ್ಲಾನನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಲು ಅದೇ 1961ರ ಕಾಯ್ದೆಯಲ್ಲಿ ಅವಕಾಶ ಇದೆ. ಹೊಸ ಕರಡು ಪ್ರಕಟ ಮಾಡಿದಾಗ ಸಾರ್ವಜನಿಕರು 60 ದಿನದೊಳಗೆ ಅಭಿಪ್ರಾಯ ಕೊಡಬಹುದು. ಒಂದು ಲೇಔಟಿನ 20 ಗುಂಟೆಗೆ ಜಗಳ ಆಡುವುದಕ್ಕಿಂತ ಅಲ್ಲೇ ಮಾತಾಡಿದರೆ ಇಡೀ ಊರಿಗೆ ಉಪಯೋಗ. ನಾನು ಬರೆದಿಟ್ಟಿರುವ ಟಿಪ್ಪಣಿಯಲ್ಲಿ ಮೂರು ಕೋರಿಕೆ ಇವೆ. ಅಕ್ಕಪಕ್ಕದ ಲೇಔಟುಗಳಿಗೆ ಮಂಜೂರಾತಿ ಕೊಡುವಾಗ ಅವುಗಳ ಪಾರ್ಕಿನ ಜಾಗ ಒಂದಕ್ಕೊಂದು ಹೊಂದಿಕೊಂಡು ಬರುವಂತೆ ನೋಡಿಕೊಳ್ಳಿ. ಎಂಟು ಗುಂಟೆ, ಹತ್ತು ಗುಂಟೆಯ ತುಣುಕುಗಳಲ್ಲಿ ಬೆಂಚು ಹಾಕಬಹುದು, ಖೋಖೋ ಆಡಲಾಗುವುದಿಲ್ಲ. ನಾಲೆಯ ಅಂಚು, ಹೈಟೆನ್ಷನ್ ತಂತಿಯ ಕೆಳಗಿನ ಜಾಗವನ್ನು ಪಾರ್ಕಿನ ಲೆಕ್ಕಕ್ಕೆ ತಗೊಳ್ಳಬೇಡಿ. ಕ್ಲಬ್ಬು, ವಾಟರ್ ಪಾರ್ಕು, ಸಿನಿಮಾ ಹಾಲು ಎಲ್ಲಿ ಬರಬೇಕು ಎಂದು ಮುಖ್ಯ ರಸ್ತೆಗಳ ಮೇಲೆ ಮೊದಲೇ ಗುರುತು ಮಾಡಿ, ಆಗ ಅವರೂ ಓಣಿಯ ಮೈದಾನದ ಕಡೆ ಬರುವ ಪ್ರಸಂಗ ಇರುವುದಿಲ್ಲ. ಈ ಟಿಪ್ಪಣಿಯನ್ನು ಜೇವರ್ಗಿ ರಸ್ತೆ, ಆಳಂದ ರಸ್ತೆ ಕಡೆಯ ಶಾಲೆಗಳಲ್ಲಿರುವ ನಮ್ಮ ಪಿ.ಟಿ. ಟೀಚರುಗಳಿಗೂ ಕೊಟ್ಟಿದ್ದೇನೆ. ಅವರವರ ಭಾಗದ ಮಕ್ಕಳು ಎಲ್ಲಿ ಆಡುತ್ತಾರೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಈಗ ಬೇಲಿ ಮೂರು ಕಡೆ ಆಗಿದೆ. ಜಾಲಿ ತೆಗೆದಿದ್ದಾರೆ, ಬೇರು ಇನ್ನೂ ಚಿಗುರುತ್ತಿದೆ, ಹುಡುಗರು ಕೀಳುತ್ತಿದ್ದಾರೆ. ಖೋಖೋ ಅಂಕಣಕ್ಕೆ ಎರೆ ಮಣ್ಣಿನ ಮೇಲೆ ಮೊರಂ ಹಾಕಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಕಾಲು ಹೂತುಹೋಗುತ್ತದೆ. ಶೌಚಾಲಯ ಎಲ್ಲಿ ಕಟ್ಟಬೇಕು ಎಂಬ ವಿಷಯದಲ್ಲಿ ಮಾತ್ರ ಇನ್ನೂ ಒಮ್ಮತ ಆಗಿಲ್ಲ. ಗೇಟಿನ ಹತ್ತಿರ ಬೇಡ, ನೋಡಲು ಚೆನ್ನಾಗಿರುವುದಿಲ್ಲ, ಹಿಂದಿನ ಮೂಲೆಯಲ್ಲಿ ಕಟ್ಟೋಣ ಎಂದು ಕೆಲವರು ಹೇಳುತ್ತಿದ್ದಾರೆ. ಹಿಂದಿನ ಮೂಲೆ ಅಂದರೆ ನಾಲೆಯ ಪಕ್ಕ, ಲೈಟ್ ಕಂಬದಿಂದ ದೂರ. ಅಲ್ಲಿಗೆ ಹುಡುಗಿಯರು ಹೋಗುವುದಿಲ್ಲ. ಗೇಟಿನ ಹತ್ತಿರವೇ, ಲೈಟಿನ ಕೆಳಗೇ ಇರಲಿ ಎಂದು ನಾನು, ಆಪಾ ಇಬ್ಬರೂ ಪಟ್ಟು ಹಿಡಿದಿದ್ದೇವೆ. ಮುಂದಿನ ಭಾನುವಾರ ಬೆಳಿಗ್ಗೆ ಎಲ್ಲರೂ ಮೈದಾನದಲ್ಲೇ ಸೇರಿ ಇದನ್ನು ಮುಗಿಸಬೇಕು ಎಂದಾಗಿದೆ. ಹೆಣ್ಣುಮಕ್ಕಳನ್ನು ಕರೆದುಕೊಂಡು ಬರಲು ಎಲ್ಲ ಮನೆಗಳಿಗೂ ಹೇಳಿದ್ದೇನೆ.